ಸ್ಯಾನ್ ಹೋಸೆ ಸ್ಟೇಟ್, ಮಾರ್ಗ: ಡಿ ಆನ್ಜಾ

ಮಾರ್ಚ್ ತಿಂಗಳ ಕೊನೆ ಬಂತೆಂದರೆ ಕ್ಯಾಲಿಫೋರ್ನಿಯಾದ ನಮ್ಮ ಬೇ ಏರಿಯಾದ ಕನ್ನಡದ ಮನೆಗಳಲ್ಲಿ ಮಾತು ಕಡಿಮೆಯಾಗುತ್ತದೆ. ಹನ್ನೆರಡನೇ ಕ್ಲಾಸಿನ ಮಕ್ಕಳಿಗೆ ಯೂನಿವರ್ಸಿಟಿಗಳಿಂದ ಉತ್ತರ ಬರುವ ಹೊತ್ತು ಅದು. ಸೀಟು ಸಿಕ್ಕವರು ವಾಟ್ಸಾಪ್ ಗುಂಪಿನಲ್ಲಿ ಹಾಕುತ್ತಾರೆ, ಸಿಗದವರು ಹಾಕುವುದಿಲ್ಲ. ಆಮೇಲೆ ಏಪ್ರಿಲ್‌ನಲ್ಲಿ ಅವರಲ್ಲೇ ಯಾರಾದರೊಬ್ಬರು ನನಗೆ ಫೋನ್ ಮಾಡುತ್ತಾರೆ. ಊರಿನ ಸಮಾಚಾರ, ಟಿಕೆಟ್ ದರ ಎಲ್ಲ ಮುಗಿದ ಮೇಲೆ ದನಿ ತಗ್ಗಿಸಿ ಕೇಳುತ್ತಾರೆ: "ಅಕ್ಕಾ, ನೀವು ಕಮ್ಯುನಿಟಿ ಕಾಲೇಜಲ್ಲಿ ಶುರು ಮಾಡಿದ್ರಿ ಅಲ್ವಾ? ಹೇಗಿರುತ್ತೆ ಅದು?"

ಕಮ್ಯುನಿಟಿ ಕಾಲೇಜು ಅಂದರೆ ಡಿಗ್ರಿಯ ಮೊದಲೆರಡು ವರ್ಷ ಓದಿ ಯೂನಿವರ್ಸಿಟಿಗೆ ದಾಟಬಹುದಾದ ಸರ್ಕಾರಿ ಕಾಲೇಜು. ಪ್ರಶ್ನೆಗೆ ನನ್ನ ತಕರಾರಿಲ್ಲ. ದನಿ ತಗ್ಗಿಸುತ್ತಾರಲ್ಲ, ಅದಕ್ಕೆ. ಪ್ರತಿ ಸಲ ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ಒಮ್ಮೆ ಕೂತು ಬರೆದುಬಿಡೋಣ ಅಂತ ಈ ಬರಹ.

ಮೊದಲು ನನ್ನ ಕಥೆ, ಚಿಕ್ಕದಾಗಿ. ಹಾಸನದಲ್ಲಿ ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಗ ಮದುವೆ ಆಯಿತು. "ಅಲ್ಲಿ ಹೋಗಿ ಓದಿಕೊಳ್ಳಬಹುದು ಬಿಡು" ಅಂದರು ಎಲ್ಲರೂ. 2013ರಲ್ಲಿ ಸನಿವೇಲ್‌ಗೆ ಬಂದೆ, ಎಚ್-4 ವೀಸಾದಲ್ಲಿ. ಆಗ ಎಚ್-4 ಅಂದರೆ ಗಂಡನ ಜೊತೆ ಇರಬಹುದು, ಓದಬಹುದು, ಸಂಬಳಕ್ಕೆ ದುಡಿಯುವ ಹಾಗಿಲ್ಲ. ಗ್ರೀನ್ ಕಾರ್ಡಿನ ಹಾದಿಯ ಐ-140 ಅರ್ಜಿ ಒಪ್ಪಿಗೆಯಾದವರ ಹೆಂಡತಿ ಅಥವಾ ಗಂಡನಿಗೆ ಕೆಲಸದ ಪರವಾನಗಿ ಕೊಡುವ ನಿಯಮ ಬಂದದ್ದು 2015ರಲ್ಲಿ. ಆ ಹೊತ್ತಿಗೆ ನನ್ನ ಕೈಯಲ್ಲಿ ಮಗಳಿದ್ದಳು. ಆ ಪರವಾನಗಿಯ ಇಎಡಿ ಕಾರ್ಡೂ ಬಂತು. ಆದರೆ ಕೆಲಸದ ಅರ್ಜಿಗಳಲ್ಲಿ "ವಿದ್ಯಾಭ್ಯಾಸ" ಅನ್ನುವ ಕಡೆ ನಾನು ತುಂಬಬೇಕಾದದ್ದು ಪಿಯುಸಿ.

ಮಗಳು ಕಿಂಡರ್‌ಗಾರ್ಟನ್‌ಗೆ ಹತ್ತಿರವಾದಾಗ, 2017ರಲ್ಲಿ, ನಮ್ಮವರೇ ಒಂದು ಸಂಜೆ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದರು. "ಇಲ್ನೋಡೇ, ಡಿ ಆನ್ಜಾ ಇಲ್ಲೇ ಕುಪರ್ಟಿನೋದಲ್ಲಿದೆ. ಹದಿನೆಂಟು ಆಗಿರಬೇಕು, ಇಲ್ಲಾ ಹೈಸ್ಕೂಲು, ಅಂದ್ರೆ ಹನ್ನೆರಡನೇ ಕ್ಲಾಸು, ಮುಗಿಸಿರಬೇಕು. ಅಷ್ಟೇ ಕಂಡೀಷನ್ನು."

"ಅಷ್ಟೇನಾ? ಇನ್ನೇನೋ ಇರುತ್ತೆ ಸರಿಯಾಗಿ ನೋಡ್ರೀ" ಅಂದೆ.

ಇರಲಿಲ್ಲ. ಅರ್ಜಿಗೆ ಶುಲ್ಕವೂ ಇರಲಿಲ್ಲ. ಪಿಯುಸಿ ಅಂಕಪಟ್ಟಿ, ನಿಂತುಹೋದ ಬಿ.ಕಾಂ.ನ ಅಂಕಪಟ್ಟಿ ಎಲ್ಲ ಸೂಟ್‌ಕೇಸಿನಿಂದ ತೆಗೆದು ಸ್ಕ್ಯಾನ್ ಮಾಡಿಟ್ಟುಕೊಂಡಿದ್ದೆ. ಮಧ್ಯದಲ್ಲಿ ಯಾಕೆ ಬಿಟ್ಟೆ, ಇಷ್ಟು ವರ್ಷ ಏನು ಮಾಡುತ್ತಿದ್ದೆ ಎನ್ನುವುದಕ್ಕೆ ಉತ್ತರವನ್ನೂ ಮನಸ್ಸಲ್ಲೇ ಕಟ್ಟಿಕೊಂಡಿದ್ದೆ. ಯಾರೂ ಕೇಳಲಿಲ್ಲ. ಕಮ್ಯುನಿಟಿ ಕಾಲೇಜಿನ ಬಗ್ಗೆ ನಾನು ಹೇಳುವ ಮಿಕ್ಕೆಲ್ಲ ಮಾತೂ ಇದಾದ ಮೇಲೆ: ಅದು ಹಿಂದಿನದನ್ನು ಕೇಳದೆ ಒಳಗೆ ಬಿಟ್ಟುಕೊಳ್ಳುತ್ತದೆ. ನಮ್ಮಲ್ಲಿ ಒಂದು ಸಲ ಓದು ತಪ್ಪಿದರೆ ಮತ್ತೆ ಒಳಗೆ ಹೋಗಲು ಎಷ್ಟು ಕಡೆ ಕೈಮುಗಿಯಬೇಕು ಅಂತ ಗೊತ್ತಿದ್ದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಊರಿನ ಒಂದೂವರೆ ವರ್ಷದ ಓದನ್ನು ಮೌಲ್ಯಮಾಪನ ಮಾಡುವ ಸಂಸ್ಥೆಗೆ ಕಳಿಸಿ ಒಂದಿಷ್ಟು ಯೂನಿಟ್, ಅಂದರೆ ಡಿಗ್ರಿಯ ಲೆಕ್ಕಕ್ಕೆ ಸೇರುವ ಕ್ರೆಡಿಟ್, ಉಳಿಸಿಕೊಳ್ಳಬಹುದಿತ್ತು. ನಾನು ಕಳಿಸಲಿಲ್ಲ. ಇಲ್ಲಿನ ಲೆಕ್ಕಪತ್ರದ ಪದ್ಧತಿ ಬೇರೆ, ತೆರಿಗೆ ಬೇರೆ, ಬಿಟ್ಟು ಆಗಲೇ ವರ್ಷಗಳಾಗಿದ್ದವು. ಮೊದಲಿನಿಂದ ಕಲಿಯುವುದೇ ಸರಿ ಅನ್ನಿಸಿತು. ಇದನ್ನು ಎಲ್ಲರಿಗೂ ಹೇಳುವುದಿಲ್ಲ. ಊರಲ್ಲಿ ಮೂರು ವರ್ಷ ಪೂರ್ತಿ ಓದಿ ಬಂದವರು ಖಂಡಿತ ಮೌಲ್ಯಮಾಪನ ಮಾಡಿಸಬೇಕು.

ವಿಷಯ ತಿಳಿದ ಅತ್ತೆ ಹಾಸನದಿಂದ ಫೋನ್ ಮಾಡಿ, "ಅದೇನು ಐಟಿಐ ಥರಾನಾ?" ಅಂದರು. ಅಲ್ಲ ಅಂತ ಹೇಳಿದೆ, ಅಷ್ಟು ಸುಲಭಕ್ಕೆ ಅರ್ಥ ಮಾಡಿಸಲಾಗಲಿಲ್ಲ. ಯಾಕೆಂದರೆ ಐಟಿಐ ಥರದ್ದೂ ಅಲ್ಲಿದೆ: ಆಟೊಮೋಟಿವ್ ಇದೆ, ನರ್ಸಿಂಗ್ ಇದೆ. ಅದೇ ಕ್ಯಾಂಪಸ್ಸಿನಲ್ಲಿ ಯೂನಿವರ್ಸಿಟಿಯ ಮೊದಲೆರಡು ವರ್ಷದ ಪಾಠವೂ ಇದೆ. ಈ ಏರ್ಪಾಟಿನ ಹಿಂದೆ ಒಂದು ಯೋಜನೆಯಿದೆ. ದೇಶದ ಮೊದಲ ಸರ್ಕಾರಿ ಜೂನಿಯರ್ ಕಾಲೇಜು ಶುರುವಾದದ್ದು 1901ರಲ್ಲಿ, ಇಲಿನಾಯ್ ರಾಜ್ಯದ ಜೋಲಿಯೆಟ್ ಊರಲ್ಲಿ. ಆದರೆ ಕ್ಯಾಲಿಫೋರ್ನಿಯಾದವರು 1960ರಲ್ಲಿ ಮಾಸ್ಟರ್ ಪ್ಲಾನ್ ಅಂತ ಮಾಡಿ ಇಡೀ ಉನ್ನತ ಶಿಕ್ಷಣವನ್ನು ಮೂರು ಪಾಲು ಮಾಡಿಟ್ಟರು. ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಪಾಲಿಗೆ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ), ಅಂದರೆ ಬರ್ಕ್ಲಿ, ಯುಸಿಎಲ್‌ಎ ಇತ್ಯಾದಿ. ಮೇಲಿನ ಮೂರನೇ ಒಂದು ಪಾಲಿಗೆ ಸಿಎಸ್‌ಯು (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ), ಅಂದರೆ ಸ್ಯಾನ್ ಹೋಸೆ ಸ್ಟೇಟ್‌ನಂಥವು. ಮಿಕ್ಕವರೆಲ್ಲರಿಗೂ ಕಮ್ಯುನಿಟಿ ಕಾಲೇಜು, ಅಲ್ಲಿಂದ ಎರಡು ವರ್ಷಕ್ಕೆ ಮೇಲಿನ ಎರಡಕ್ಕೂ ದಾಟುವ ಅವಕಾಶ. ಈಗ ಇಂಥ 116 ಕಾಲೇಜುಗಳಿವೆ. ಡಿ ಆನ್ಜಾ ಬಾಗಿಲು ತೆರೆದದ್ದು 1967ರಲ್ಲಿ. ಆ್ಯಪಲ್ ಕಂಪನಿ ಕಟ್ಟಿದ ಸ್ಟೀವ್ ವೋಜ್ನಿಯಾಕ್ ಬರ್ಕ್ಲಿಗೆ ಹೋಗುವ ಮೊದಲು ಇಲ್ಲಿ ಓದಿದ್ದರು. ಈ ಕೊನೆಯ ಸಂಗತಿ ಮಾತ್ರ ಅತ್ತೆಗೆ ನಾಟಿತು. ಆಮೇಲೆ ಬೀದಿಯಲ್ಲೆಲ್ಲ "ಆ್ಯಪಲ್ ಫೋನಿನವರು ಓದಿದ ಕಾಲೇಜು" ಅಂತ ಹೇಳಿಕೊಂಡು ಬಂದರಂತೆ. ನಾನು ತಿದ್ದಲು ಹೋಗಲಿಲ್ಲ.

ದುಡ್ಡಿನ ಮಾತು. ನನ್ನ ಓದೇ ಲೆಕ್ಕಪತ್ರ, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಕ್ಯಾಲಿಫೋರ್ನಿಯಾದ ನಿವಾಸಿಗಳಿಗೆ ಸೆಮಿಸ್ಟರ್ ಪದ್ಧತಿಯ ಕಮ್ಯುನಿಟಿ ಕಾಲೇಜಿನಲ್ಲಿ ಯೂನಿಟ್‌ಗೆ 46 ಡಾಲರ್. 2012ರಿಂದ ಅದೇ ದರ. ಡಿ ಆನ್ಜಾ ಮತ್ತು ಅದರ ಜೋಡಿ ಫೂಟ್‌ಹಿಲ್ ಕಾಲೇಜು ಕ್ವಾರ್ಟರ್ ಪದ್ಧತಿಯವು, ಅಲ್ಲಿ ಯೂನಿಟ್‌ಗೆ 31 ಡಾಲರ್. ದಾಟುವುದಕ್ಕೆ ಬೇಕಾದ 90 ಕ್ವಾರ್ಟರ್ ಯೂನಿಟ್‌ಗೆ 2,790 ಡಾಲರ್. ಚಿಕ್ಕಪುಟ್ಟ ಶುಲ್ಕ, ಪುಸ್ತಕ ಬೇರೆ. ಆಗ ಸಿಎಸ್‌ಯು ಬೋಧನಾ ಶುಲ್ಕ ವರ್ಷಕ್ಕೆ 5,742 ಡಾಲರ್ ಇತ್ತು, ಕ್ಯಾಂಪಸ್ಸಿನ ಶುಲ್ಕ ಅದರ ಮೇಲೆ. ಯುಸಿ ಆದರೆ 14 ಸಾವಿರದ ಆಸುಪಾಸು, ಊಟ ವಸತಿ ಬಿಟ್ಟು. ಅಂದರೆ ಡಿಗ್ರಿಯ ಅರ್ಧ ಭಾಗ ಯೂನಿವರ್ಸಿಟಿಯ ಒಂದು ವರ್ಷದ ಶುಲ್ಕಕ್ಕಿಂತ ಕಡಿಮೆಗೆ ಮುಗಿಯುತ್ತದೆ.

"ನಿವಾಸಿ" ಅನ್ನುವುದರಲ್ಲಿ ನಮ್ಮವರು ಗಮನಿಸಬೇಕಾದ್ದಿದೆ. ನಿವಾಸಿಯಲ್ಲದವರಿಗೆ ಯೂನಿಟ್ ದರ ಹಲವು ಪಟ್ಟು ಹೆಚ್ಚು. ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಬಂದವರು ಎಷ್ಟು ವರ್ಷ ಇದ್ದರೂ ಆ ದರವೇ. ಆದರೆ ಎಚ್-4ನವರು ಒಂದು ವರ್ಷ ಮೇಲೊಂದು ದಿನ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿ, ಇಲ್ಲೇ ಇರುವ ಉದ್ದೇಶ ತೋರಿಸಿದರೆ ಶುಲ್ಕದ ಮಟ್ಟಿಗೆ ನಿವಾಸಿಗಳೇ. ರಾಜ್ಯಕ್ಕೆ ಕಟ್ಟಿದ ತೆರಿಗೆ, ಡ್ರೈವಿಂಗ್ ಲೈಸೆನ್ಸ್, ಬಾಡಿಗೆ ಕರಾರು ಇವೆಲ್ಲ ತೋರಿಸಬೇಕು. ಇದನ್ನು ತಿಳಿಯದೆ "ನಮಗೆ ಎಲ್ಲಾ ದುಬಾರಿ" ಅಂತ ಮನೆಯಲ್ಲೇ ಕೂತಿರುವ ಹೆಣ್ಣುಮಕ್ಕಳನ್ನು ನಾನು ಈಗಲೂ ನೋಡುತ್ತೇನೆ. ಸರ್ಕಾರದ ಧನಸಹಾಯದ ಫ್ಯಾಫ್ಸಾ ಮಾತ್ರ ಎಚ್-4ಗೆ ಇಲ್ಲ.

ಕ್ವಾರ್ಟರ್ ಅಂದರೆ ಹನ್ನೆರಡು ವಾರ, ಪರೀಕ್ಷೆಯೂ ಸೇರಿ. ಮೂರನೇ ವಾರಕ್ಕೆ ಮೊದಲ ಟೆಸ್ಟು ಬಂದಿರುತ್ತದೆ. ಮಗುವಿಗೆ ಜ್ವರ ಬಂದು ಒಂದು ವಾರ ತಪ್ಪಿದರೆ ಅಧ್ಯಾಯವೇ ಹೋಯಿತು. ನಾನು ಸೇರಿದಾಗ ಇಂಗ್ಲಿಷಿಗೂ ಗಣಿತಕ್ಕೂ ಪ್ಲೇಸ್‌ಮೆಂಟ್ ಪರೀಕ್ಷೆ ಇತ್ತು, ಯಾವ ಮಟ್ಟದ ಕ್ಲಾಸಿನಲ್ಲಿ ಕೂರಿಸಬೇಕು ಅಂತ ನೋಡಲು. ಗಣಿತ ಸರಿಹೋಯಿತು, ಇಂಗ್ಲಿಷಿನಲ್ಲಿ ಒಂದು ಮೆಟ್ಟಿಲು ಕೆಳಗೆ ಕೂರಿಸಿದರು. ಆ ಕ್ಲಾಸು ಡಿಗ್ರಿಯ ಲೆಕ್ಕಕ್ಕೆ ಬರುವುದಲ್ಲ, ಆದರೆ ಸಮಯ ಹೋಗುತ್ತದೆ. ಹೀಗೆ ಕೆಳಗಿನ ಮೆಟ್ಟಿಲುಗಳಲ್ಲೇ ಸುಸ್ತಾಗಿ ಕಾಲೇಜು ಬಿಟ್ಟವರು ಬಹಳ. ಅದಕ್ಕೇ 2017ರಲ್ಲಿ ಎಬಿ 705 ಅಂತ ಕಾನೂನು ತಂದು, ಹೈಸ್ಕೂಲಿನ ಅಂಕಗಳನ್ನೇ ನೋಡಿ ನೇರವಾಗಿ ಕಾಲೇಜು ಮಟ್ಟದ ಕ್ಲಾಸಿಗೆ ಬಿಡಬೇಕು ಅಂತ ಮಾಡಿದರು. ಈಗಿನ ಮಕ್ಕಳಿಗೆ ಆ ಪರೀಕ್ಷೆ ಇಲ್ಲ.

ಆದರೂ ಆ ಇಂಗ್ಲಿಷ್ ಕ್ಲಾಸಿನ ಬಗ್ಗೆ ನನಗೆ ಸಿಟ್ಟಿಲ್ಲ. ಪ್ರಬಂಧ ಅಂದರೆ ನೀನು ಏನು ಯೋಚಿಸುತ್ತೀಯ ಅಂತ ಬರೆಯುವುದು ಎಂದು ಯಾರೋ ನನಗೆ ಮೊದಲ ಸಲ ಹೇಳಿದ್ದು ಅಲ್ಲೇ. ಊರಲ್ಲಿ ಗೈಡ್ ನೋಡಿ ಬರೆದವಳು ನಾನು. ಅಧ್ಯಾಪಕಿ ನನ್ನ ಹಾಳೆಯ ಅಂಚಿನಲ್ಲಿ "ಇದನ್ನು ನೀವು ನಿಜವಾಗಿ ಒಪ್ಪುತ್ತೀರಾ?" ಅಂತ ಬರೆದಿದ್ದರು. ಒಪ್ಪುತ್ತಿರಲಿಲ್ಲ.

ಪಕ್ಕದಲ್ಲಿ ಕೂರುತ್ತಿದ್ದವರು ಬರೀ ಹದಿನೆಂಟರ ಮಕ್ಕಳಲ್ಲ. ಸೇನೆಯಿಂದ ವಾಪಸಾದವನೊಬ್ಬ, ರಾತ್ರಿಪಾಳಿ ಮುಗಿಸಿ ನೇರ ಕ್ಲಾಸಿಗೆ ಬರುತ್ತಿದ್ದ ಆಸ್ಪತ್ರೆಯ ಸಹಾಯಕಿ, ಹೈಸ್ಕೂಲಿನಲ್ಲಿದ್ದುಕೊಂಡೇ ಕಾಲೇಜು ಕ್ಲಾಸು ತೆಗೆದುಕೊಂಡಿದ್ದ ಹುಡುಗಿ, ಮೊಮ್ಮಕ್ಕಳನ್ನು ಕಂಡ ಒಬ್ಬ ಚೀನೀ ಅಜ್ಜ. ಮೂವತ್ತು ದಾಟಿದ ನಾನು ಎದ್ದು ಕಾಣುತ್ತೇನೆ ಅಂದುಕೊಂಡಿದ್ದೆ. ಯಾರೂ ತಿರುಗಿಯೂ ನೋಡಲಿಲ್ಲ.

ಭಾಷಣದ ಕ್ಲಾಸಿನ ಬಗ್ಗೆ ಹೇಳಲೇಬೇಕು. ಸಿಎಸ್‌ಯುಗೆ ದಾಟುವವರು ನಾಲ್ಕು ವಿಷಯ ಕಡ್ಡಾಯ ಮುಗಿಸಿರಬೇಕು. "ಗೋಲ್ಡನ್ ಫೋರ್" ಅನ್ನುತ್ತಾರೆ. ಮಾತು, ಬರಹ, ತರ್ಕಬದ್ಧ ಚಿಂತನೆ, ಗಣಿತ. ನಾಲ್ಕರಲ್ಲೂ ಕನಿಷ್ಠ ಸಿ ಮೈನಸ್ ಬೇಕು. ಮಾತಿನದ್ದನ್ನು ನಾನು ಮುಂದೂಡುತ್ತಲೇ ಬಂದೆ. ಕೊನೆಗೆ ಮಾಹಿತಿ ಕೊಡುವ ಭಾಷಣಕ್ಕೆ ಏನು ವಿಷಯ ಅಂತ ಯೋಚಿಸಿ, ನಮ್ಮ ಬೀದಿಯ ಚೀಟಿ ವ್ಯವಹಾರವನ್ನು ಆರಿಸಿಕೊಂಡೆ. ಹತ್ತು ಜನ, ತಿಂಗಳಿಗಿಷ್ಟು, ಯಾರಿಗೆ ತುರ್ತೋ ಅವರು ಕಮ್ಮಿಗೆ ಕೂಗಿ ಎತ್ತುತ್ತಾರೆ, ಬಿಟ್ಟುಕೊಟ್ಟ ದುಡ್ಡು ಮಿಕ್ಕವರಿಗೆ ಹಂಚಿಕೆ. ಬೋರ್ಡಿನ ಮೇಲೆ ಲೆಕ್ಕ ಬರೆದು ತೋರಿಸಿದೆ. ಕೈ ನಡುಗುತ್ತಿತ್ತು. ಮುಗಿದ ತಕ್ಷಣ ಮೆಕ್ಸಿಕೋ ಮೂಲದ ಹುಡುಗ ಕೈ ಎತ್ತಿ, ನಮ್ಮಮ್ಮ ಇದನ್ನೇ ಮಾಡ್ತಾರೆ, ತಾಂಡಾ ಅಂತೀವಿ ಅಂದ. ವಿಯೆಟ್ನಾಂನ ಹುಡುಗಿ ನಮ್ಮಲ್ಲಿ ಹುಯಿ ಅಂದಳು, ಅದರಲ್ಲಿ ಅವಳ ದೊಡ್ಡಮ್ಮ ದುಡ್ಡು ಕಳೆದುಕೊಂಡದ್ದನ್ನೂ ಹೇಳಿದಳು. ಇಥಿಯೋಪಿಯಾದವರು ಇಕುಬ್ ಅಂದರು. ಬಿಲಿಯನ್ ಡಾಲರ್ ಕಂಪನಿಗಳ ಊರಿನಲ್ಲಿ, ಬ್ಯಾಂಕು ನಂಬದ ಹೆಂಗಸರು ನಡೆಸುವ ಬ್ಯಾಂಕಿನ ಬಗ್ಗೆ ಅರ್ಧ ಗಂಟೆ ಚರ್ಚೆ ನಡೆಯಿತು. ನನ್ನ ಸರದಿಯ ನಂತರ ಮಾತಾಡಬೇಕಿದ್ದವನಿಗೆ ಅವತ್ತು ಸಮಯವೇ ಸಿಗಲಿಲ್ಲ, ಅವನು ನನಗೆ ಧನ್ಯವಾದ ಹೇಳಿದ.

ಇಷ್ಟೆಲ್ಲ ಚೆನ್ನಾಗಿದ್ದರೆ ದಾಟುವುದೂ ಸಲೀಸು ಅಂದುಕೊಳ್ಳಬೇಡಿ. ದಾಟುವ ಉದ್ದೇಶದಿಂದಲೇ ಸೇರಿದವರಲ್ಲಿ ನಾಲ್ಕು ವರ್ಷದೊಳಗೆ ನಿಜವಾಗಿ ದಾಟಿದವರು ಸುಮಾರು ಐವರಲ್ಲಿ ಒಬ್ಬರು ಅಂತ ರಾಜ್ಯದ ಆಡಿಟರ್ 2024ರಲ್ಲಿ ವರದಿ ಕೊಟ್ಟಿದ್ದಾರೆ. 2017ರಿಂದ 2019ರ ನಡುವೆ ಸೇರಿದವರ ಲೆಕ್ಕ ಅದು, ಅಂದರೆ ನನ್ನದೇ ಓರಗೆಯವರು. ದಡ್ಡರಾಗಿ ಉಳಿದುಕೊಂಡವರಲ್ಲ. ಕೆಲಸ, ಮನೆ, ಮಕ್ಕಳು. ಅದರ ಜೊತೆಗೆ, ಯಾವ ಯೂನಿವರ್ಸಿಟಿ, ಯಾವ ವಿಷಯ ಅಂತ ಮೊದಲೇ ಗೊತ್ತುಮಾಡಿಕೊಳ್ಳದೆ ಸಿಕ್ಕ ಕ್ಲಾಸು ಹಿಡಿದವರು. ಯಾರೂ ತಡೆಯುವುದಿಲ್ಲ, ನೂರಾರು ಕೋರ್ಸುಗಳಿರುತ್ತವೆ, ಎಲ್ಲದಕ್ಕೂ ಯೂನಿಟ್ ಸಿಗುತ್ತದೆ. ಆದರೆ ಎಲ್ಲ ಯೂನಿಟ್ಟೂ ಮುಂದಿನ ಕಡೆ ನಡೆಯುವುದಿಲ್ಲ, ನಡೆದರೂ ನಿಮ್ಮ ಮೇಜರ್‌ಗೆ, ಅಂದರೆ ಡಿಗ್ರಿಯ ಮುಖ್ಯ ವಿಷಯಕ್ಕೆ, ಲೆಕ್ಕಕ್ಕೆ ಬರುವುದಿಲ್ಲ.

ನಮ್ಮೂರಿನ ಬಸ್ಸಿನ ಬೋರ್ಡಿನಲ್ಲಿ ಮೊದಲು ಹೋಗಿ ಸೇರುವ ಊರು ದೊಡ್ಡದಾಗಿ, ಕೆಳಗೆ "ಮಾರ್ಗ" ಅಂತ ಚಿಕ್ಕದಾಗಿ ಬರೆದಿರುತ್ತಾರಲ್ಲ, ಅದೇ ಕ್ರಮದಲ್ಲಿ ಓದಬೇಕು. ನಾನು ಎರಡನೇ ಕ್ವಾರ್ಟರ್‌ನಲ್ಲೇ ಸ್ಯಾನ್ ಹೋಸೆ ಸ್ಟೇಟ್, ಅಕೌಂಟಿಂಗ್ ಅಂತ ಹಾಳೆಯ ಮೇಲೆ ಬರೆದುಕೊಂಡೆ. ಕಾರಣ ಘನವಾದದ್ದೇನಲ್ಲ: ಮಗಳ ಸ್ಕೂಲು ಬಿಡುವ ಹೊತ್ತಿಗೆ ವಾಪಸು ಬರಬಹುದಾದ ದೂರ. ಡಿ ಆನ್ಜಾದಿಂದ ಹೊರಡುವ ವಿಟಿಎ 23ನೇ ನಂಬರ್ ಬಸ್ಸು ಸ್ಟೀವನ್ಸ್ ಕ್ರೀಕ್ ರಸ್ತೆ ಹಿಡಿದು ಸ್ಯಾನ್ ಹೋಸೆ ಡೌನ್‌ಟೌನಿಗೇ ಹೋಗುತ್ತದೆ.

ಆಮೇಲೆ ಅಸಿಸ್ಟ್ ಡಾಟ್ ಆರ್ಗ್. ಈ ವೆಬ್‌ಸೈಟಿನ ಹೆಸರು ಗೊತ್ತಿಲ್ಲದೆ ಕ್ಯಾಲಿಫೋರ್ನಿಯಾದಲ್ಲಿ ಯಾರೂ ಕಮ್ಯುನಿಟಿ ಕಾಲೇಜಿಗೆ ಕಾಲಿಡಬಾರದು. ನಿಮ್ಮ ಕಾಲೇಜು, ಹೋಗಬೇಕಾದ ಯುಸಿ ಅಥವಾ ಸಿಎಸ್‌ಯು, ಮೇಜರ್ ಮೂರನ್ನೂ ಕೊಟ್ಟರೆ ಎಡಗಡೆ ಅಲ್ಲಿನ ಕೋರ್ಸು, ಬಲಗಡೆ ಅದಕ್ಕೆ ಸಮನಾದ ಇಲ್ಲಿನ ಕೋರ್ಸು ತೋರಿಸುತ್ತದೆ. ನನ್ನದು ಹೀಗಿತ್ತು: ಅಕೌಂಟಿಂಗ್ 1ಎ, 1ಬಿ, 1ಸಿ ಮೂರೂ ಸೇರಿ ಅಲ್ಲಿನ ಎರಡು ಸೆಮಿಸ್ಟರ್ ಕೋರ್ಸಿಗೆ ಸಮ. ಕ್ವಾರ್ಟರ್‌ನಿಂದ ಸೆಮಿಸ್ಟರ್‌ಗೆ ಹೋಗುವವರು ಇದನ್ನು ಗಟ್ಟಿಯಾಗಿ ನೆನಪಿಡಿ. ಇಂಥ ಸರಣಿಯನ್ನು ನಡುವೆ ಬಿಟ್ಟು ದಾಟಿದರೆ ಅಲ್ಲಿ ಅರ್ಧ ಕೋರ್ಸು ಅನ್ನುವುದು ಇರುವುದಿಲ್ಲ, ಪೂರ್ತಿ ಮತ್ತೆ ಓದಿಸಬಹುದು. ಯೂನಿಟ್ಟುಗಳು ಮೂರರಲ್ಲಿ ಎರಡರಷ್ಟಾಗುತ್ತವೆ. ಇಲ್ಲಿನ 5 ಅಲ್ಲಿ 3.33.

ಇನ್ನೊಂದು ಅನುಕೂಲ ಎಡಿಟಿ, ಅಂದರೆ ದಾಟುವುದಕ್ಕೆಂದೇ ಮಾಡಿದ ಅಸೋಸಿಯೇಟ್ ಡಿಗ್ರಿ. 2010ರಲ್ಲಿ ಬಂದ ಕಾನೂನಿನದ್ದು. ಇದನ್ನು ಮುಗಿಸಿದರೆ ಸಿಎಸ್‌ಯು ವ್ಯವಸ್ಥೆಯಲ್ಲಿ ಎಲ್ಲಾದರೂ ಒಂದು ಕಡೆ ಸೀಟು ಖಾತ್ರಿ, ಅಲ್ಲಿ ಇನ್ನು 60 ಸೆಮಿಸ್ಟರ್ ಯೂನಿಟ್‌ನಲ್ಲಿ ಡಿಗ್ರಿ ಮುಗಿಯಬೇಕು. "ಎಲ್ಲಾದರೂ ಒಂದು ಕಡೆ" ಅನ್ನುವುದನ್ನು ಸರಿಯಾಗಿ ಓದಿ. ನೀವು ಕೇಳಿದ ಕ್ಯಾಂಪಸ್ಸೇ ಅಂತ ಅಲ್ಲ. ಸ್ಯಾನ್ ಹೋಸೆ ಸ್ಟೇಟ್‌ನಲ್ಲಿ ಸೀಟಿಗಿಂತ ಅರ್ಜಿ ಹೆಚ್ಚು. ನಾನು ಬಿಸಿನೆಸ್ ಎಡಿಟಿ ಮಾಡಿದೆ: ಅಕೌಂಟಿಂಗ್, ಎರಡು ಅರ್ಥಶಾಸ್ತ್ರ, ಬಿಸಿನೆಸ್ ಲಾ, ಸ್ಟ್ಯಾಟಿಸ್ಟಿಕ್ಸ್, ಮಿಕ್ಕಿದ್ದು ಜಿಇ. ಜಿಇ ಅಂದರೆ ಎಲ್ಲರೂ ಓದಬೇಕಾದ ವಿಜ್ಞಾನ, ಕಲೆ, ಸಮಾಜಶಾಸ್ತ್ರದ ಪಟ್ಟಿ. ಯುಸಿಗೂ ಸಿಎಸ್‌ಯುಗೂ ಬೇರೆಬೇರೆ ಇದ್ದ ಆ ಪಟ್ಟಿಯ ಗೋಜಲು 2025ರಿಂದ ಕಡಿಮೆಯಾಗಿದೆ, ಎರಡಕ್ಕೂ ಕ್ಯಾಲ್-ಗೆಟ್ಸಿ ಅನ್ನುವ ಒಂದೇ ಪಟ್ಟಿ. ಕೋರ್ಸುಗಳ ನಂಬರನ್ನೂ ಎಲ್ಲ ಕಾಲೇಜುಗಳಲ್ಲಿ ಒಂದೇ ಮಾಡುತ್ತಿದ್ದಾರೆ. ನನ್ನ ಕಾಲದಲ್ಲಿ ಇಂಗ್ಲಿಷ್ ಕ್ಲಾಸಿಗೆ ಇಡಬ್ಲ್ಯೂಆರ್‌ಟಿ 1ಎ ಅಂತ ಡಿ ಆನ್ಜಾದಲ್ಲಿ ಮಾತ್ರ ಅರ್ಥವಾಗುವ ಹೆಸರಿತ್ತು.

ಒಂದು ಪುಟ್ಟ ಕಾಗದದ ವಿಷಯ, ಇದನ್ನು ಬಹಳ ಜನ ಮರೆಯುತ್ತಾರೆ. ಕೊನೆಯ ಅಂಕಪಟ್ಟಿ ಕಳಿಸುವಾಗ ಜಿಇ ಪಟ್ಟಿ ಮುಗಿಸಿದ್ದೇವೆ ಅನ್ನುವ ಜಿಇ ಸರ್ಟಿಫಿಕೇಷನ್ ಕೂಡ ಕಳಿಸಿ ಅಂತ ನಾವೇ ಕೇಳಬೇಕು. ಅದಿಲ್ಲದಿದ್ದರೆ ಯೂನಿವರ್ಸಿಟಿಯವರು ಒಂದೊಂದೇ ಕೋರ್ಸು ಹಿಡಿದು ಪರೀಕ್ಷಿಸಬಹುದು.

ಸಿಎಸ್‌ಯು ಅರ್ಜಿ ಅಕ್ಟೋಬರಿನಲ್ಲಿ ತೆರೆಯುತ್ತದೆ. 2019ರ ಅಕ್ಟೋಬರಿನಲ್ಲಿ ಹಾಕಿದೆ. ಅಲ್ಲಿ ಪ್ರಬಂಧ ಬರೆಸುವುದಿಲ್ಲ, ಶಿಫಾರಸು ಪತ್ರ ಬೇಡ. ಓದಿದ ಕೋರ್ಸುಗಳನ್ನೆಲ್ಲ ಕೂತು ತುಂಬಿಸಬೇಕು, ಅಷ್ಟೇ ದೊಡ್ಡ ಕೆಲಸ. 2020ರ ವಸಂತದಲ್ಲಿ ಸೀಟು ಸಿಕ್ಕಿತು ಅಂತ ಬಂತು. ಅಷ್ಟರಲ್ಲಿ ಕೊರೊನಾ ಬಂದು ಕಾಲೇಜುಗಳೆಲ್ಲ ಜೂಮ್‌ನೊಳಗೆ ಸೇರಿದ್ದವು. ಡಿ ಆನ್ಜಾದ ಕೊನೆಯ ಕ್ವಾರ್ಟರ್ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಮುಗಿಯಿತು, ಅದೇ ಮೇಜಿನ ಮೇಲೆ ಆಗಸ್ಟಿನಲ್ಲಿ ಯೂನಿವರ್ಸಿಟಿ ಶುರುವಾಯಿತು. ಮಗಳು ಎದುರಿಗೆ ಕೂತು ಅವಳ ಕ್ಲಾಸು ಕೇಳುತ್ತಿದ್ದಳು. ದಾಟಿದ್ದೇ ಗೊತ್ತಾಗಲಿಲ್ಲ ಅಂತ ಜನ ಹೇಳುತ್ತಾರಲ್ಲ, ನನ್ನ ಮಟ್ಟಿಗೆ ಅದು ಅಕ್ಷರಶಃ ನಿಜ. ಬದಲಾದದ್ದು ಲಾಗಿನ್ ಮಾತ್ರ.

ಒಂದು ವರ್ಷ ಬಿಟ್ಟು ಕ್ಯಾಂಪಸ್ಸಿಗೆ ಹೋದಾಗ ವ್ಯತ್ಯಾಸ ಕಂಡಿತು. ಡಿ ಆನ್ಜಾದಲ್ಲಿ ನಲವತ್ತು ಜನರ ಕ್ಲಾಸು, ಅಧ್ಯಾಪಕರಿಗೆ ಪಾಠವೇ ಕೆಲಸ, ಆಫೀಸ್ ಅವರ್‌ಗೆ ಹೋದರೆ ಕುರ್ಚಿ ಎಳೆದು ಕೂರಿಸುತ್ತಿದ್ದರು. ಅದನ್ನು ರೂಢಿ ಮಾಡಿಕೊಂಡು ಹೋಗಿದ್ದರಿಂದ ಸ್ಯಾನ್ ಹೋಸೆ ಸ್ಟೇಟ್‌ನಲ್ಲೂ ಪ್ರೊಫೆಸರರ ಬಾಗಿಲು ತಟ್ಟಲು ನಾನು ಹಿಂಜರಿಯಲಿಲ್ಲ. ಅಲ್ಲೇ ಮೊದಲ ವರ್ಷದಿಂದ ಇದ್ದ ಮಕ್ಕಳು ಹಿಂಜರಿಯುತ್ತಿದ್ದರು. ಅವರಿಗಿದ್ದದ್ದು ಬೇರೆ: ಗೆಳೆಯರ ಗುಂಪು, ಎರಡು ವರ್ಷದ ಪರಿಚಯ, ಯಾರು ಹೇಗೆ ಪಾಠ ಮಾಡುತ್ತಾರೆ ಅನ್ನುವ ಗುಟ್ಟು. ಡಿಗ್ರಿಗೆ ಮುಂಚೆ ಎಲ್ಲರೂ ತೆಗೆದುಕೊಳ್ಳಬೇಕಾದ 100 ಡಬ್ಲ್ಯೂ ಅನ್ನುವ ಬರವಣಿಗೆಯ ಕೋರ್ಸಿದೆ. ಅದರಲ್ಲಿ ನನ್ನ ಗುಂಪಿನ ಮೂವರೂ ಟ್ರಾನ್ಸ್‌ಫರ್‌ನವರೇ, ಬೇರೆ ಗುಂಪುಗಳು ಆಗಲೇ ತುಂಬಿಹೋಗಿದ್ದವು. ಮಳೆ ಬಂದರೆ ನಾವು ಮೂವರೂ ಕಿಂಗ್ ಲೈಬ್ರರಿ ಸೇರುತ್ತಿದ್ದೆವು. ಅದು ಯೂನಿವರ್ಸಿಟಿಗೂ ಊರಿಗೂ ಸೇರಿ ಒಂದೇ, ಓದುವ ವಿದ್ಯಾರ್ಥಿಯ ಪಕ್ಕದ ಮೇಜಿನಲ್ಲಿ ಪೇಪರ್ ಓದುವ ತಾತ ಇರುತ್ತಾರೆ.

ನಿಜವಾದ ತೊಂದರೆ ಸಮಯದ್ದು. ಅಕೌಂಟಿಂಗ್ ಸಂಸ್ಥೆಗಳು ಮುಂದಿನ ಬೇಸಿಗೆಯ ಇಂಟರ್ನ್‌ಶಿಪ್‌ಗೆ ಹಿಂದಿನ ಶರತ್ಕಾಲದಲ್ಲೇ ಹುಡುಕಾಟ ಶುರುಮಾಡುತ್ತವೆ. ಟ್ರಾನ್ಸ್‌ಫರ್ ವಿದ್ಯಾರ್ಥಿ ಅಲ್ಲಿ ಕಾಲಿಟ್ಟ ಮೊದಲ ತಿಂಗಳು ಅದು! ಪಾರ್ಕಿಂಗ್ ಎಲ್ಲಿ ಅಂತ ಗೊತ್ತಾಗುವ ಮೊದಲೇ ರೆಸ್ಯೂಮೆ ಹಿಡಿದು ನಿಲ್ಲಬೇಕು. ಆ ಸೆಪ್ಟೆಂಬರಿಗೆ ರೆಸ್ಯೂಮೆ ಜೂನ್‌ನಲ್ಲೇ ಸಿದ್ಧ ಮಾಡಿಟ್ಟುಕೊಳ್ಳಿ.

ಯುಸಿ ಬಯಸುವ ಮಕ್ಕಳಿಗೆ, ಏಕೆಂದರೆ ಫೋನ್ ಮಾಡುವವರಲ್ಲಿ ಹೆಚ್ಚಿನವರು ಅವರೇ: ಯುಸಿ ಇಬ್ಬರು ಹೊಸಬರನ್ನು ಸೇರಿಸಿಕೊಂಡರೆ ಒಬ್ಬ ಟ್ರಾನ್ಸ್‌ಫರ್ ವಿದ್ಯಾರ್ಥಿಯನ್ನು ಸೇರಿಸಿಕೊಳ್ಳುವ ಗುರಿ ಇಟ್ಟುಕೊಂಡಿದೆ, ಅವರಲ್ಲಿ ಬಹುಪಾಲು ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನವರು. ಟ್ಯಾಗ್ ಅನ್ನುವ ಖಾತ್ರಿ ಯೋಜನೆ ಇದೆ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂತಾ ಬಾರ್ಬರಾ, ಸಾಂತಾ ಕ್ರೂಜ್ ಈ ಆರರಲ್ಲಿ ಒಂದನ್ನು ಆರಿಸಿ ಸೆಪ್ಟೆಂಬರಿನಲ್ಲಿ ಹಾಕಬೇಕು. ಅವರು ಹೇಳಿದ ಅಂಕ, ಕೋರ್ಸು ಇದ್ದರೆ ಸೀಟು ಗ್ಯಾರಂಟಿ. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೋಗೆ ಟ್ಯಾಗ್ ಇಲ್ಲ. ಕಂಪ್ಯೂಟರ್ ಸೈನ್ಸ್ ಅಂದರೆ ಆ ಆರರಲ್ಲೂ ಎಲ್ಲರೂ ಕೊಡುವುದಿಲ್ಲ. ನಮ್ಮ ಮಕ್ಕಳು ಕೇಳುವುದೂ ಅದನ್ನೇ. ಇಂಜಿನಿಯರಿಂಗ್, ಕಂಪ್ಯೂಟರ್ ಸೈನ್ಸ್‌ನವರು ಜಿಇಗಿಂತ ಮೊದಲು ಮೇಜರ್‌ನ ಕೋರ್ಸು ಮುಗಿಸಬೇಕು. ಕ್ಯಾಲ್ಕುಲಸ್ ಆದ ಮೇಲೆ ಫಿಸಿಕ್ಸ್, ಒಂದು ಮುಗಿಯದೆ ಇನ್ನೊಂದಕ್ಕೆ ಬಿಡುವುದಿಲ್ಲ. ಮೊದಲ ಕ್ವಾರ್ಟರ್ ಗಣಿತ ತೆಗೆದುಕೊಳ್ಳದೆ ಹಾಯಾಗಿ ಕಳೆದ ಹುಡುಗನಿಗೆ ಕೊನೆಯಲ್ಲಿ ಒಂದು ವರ್ಷವೇ ಹೆಚ್ಚಾಗಬಹುದು.

ಮತ್ತೆ, ಹದಿನೆಂಟರ ಮಗ ಮನೆಯಲ್ಲೇ ಇದ್ದುಕೊಂಡು ಓದುವುದು ಎಲ್ಲರಿಗೂ ಒಗ್ಗುವುದಿಲ್ಲ. ಹೆಚ್ಚಿನವರಿಗೆ ಹಾಸ್ಟೆಲ್ ಇಲ್ಲ. ಕ್ಲಾಸು ಮುಗಿದರೆ ಎಲ್ಲರೂ ಕಾರು ಹತ್ತುತ್ತಾರೆ. ಸ್ನೇಹಿತರು ಬೇರೆ ಊರಿನ ಡಾರ್ಮ್‌ಗಳಿಂದ ಫೋಟೋ ಹಾಕುತ್ತಿರುವಾಗ ಇವನು ಅಮ್ಮ ಮಾಡಿದ ಉಪ್ಪಿಟ್ಟು ತಿಂದು ಸ್ಟೀವನ್ಸ್ ಕ್ರೀಕ್ ರಸ್ತೆಯ ಸಿಗ್ನಲ್ಲುಗಳಲ್ಲಿ ನಿಂತಿರುತ್ತಾನೆ. ಆ ಹೊಟ್ಟೆಯುರಿ ನಿಜ, ಅದನ್ನು "ದುಡ್ಡು ಉಳಿಯುತ್ತಲ್ಲ" ಅಂತ ಅಪ್ಪ ಅಮ್ಮ ದಿನಾ ಹೇಳಿ ಕಡಿಮೆ ಮಾಡಲಾಗುವುದಿಲ್ಲ. ಬಂಧುಗಳೆದುರು ಮುಚ್ಚಿಡುವುದಂತೂ ಬೇಡ. ಮಗ ಎಲ್ಲಿ ಓದುತ್ತಾನೆ ಅಂದರೆ "ಇಲ್ಲೇ, ಹತ್ತಿರದಲ್ಲೇ" ಅನ್ನುವ ತಂದೆಯರನ್ನು ನೋಡಿದ್ದೇನೆ. ಪಕ್ಕದಲ್ಲಿ ಆ ಮಗ ನಿಂತಿರುತ್ತಾನೆ.

ನನ್ನ ಡಿಗ್ರಿ 2022ರಲ್ಲಿ ಮುಗಿಯಿತು, ಸ್ಯಾನ್ ಹೋಸೆಯ ಒಂದು ಚಿಕ್ಕ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಆದರೆ ಡಿ ಆನ್ಜಾ ಅಲ್ಲಿಗೇ ಮುಗಿಯಲಿಲ್ಲ. ಸಿಪಿಎ, ಅಂದರೆ ನಮ್ಮ ಸಿಎ ಥರದ, ಪರವಾನಗಿಗೆ ಆಗ ಒಟ್ಟು 150 ಸೆಮಿಸ್ಟರ್ ಯೂನಿಟ್ ಬೇಕಿತ್ತು, ಡಿಗ್ರಿಯಲ್ಲಿ ಬರುವುದು 120. ಮಿಕ್ಕ 30ಕ್ಕೆ ಮಾಸ್ಟರ್ಸ್ ಮಾಡುವವರಿದ್ದಾರೆ. ಆದರೆ ಅವು ಕಮ್ಯುನಿಟಿ ಕಾಲೇಜಿನವೂ ನಡೆಯುತ್ತವೆ ಅಂತ ಈ ವೃತ್ತಿಯಲ್ಲಿರುವ ಎಲ್ಲರಿಗೂ ಗೊತ್ತು. 45 ಕ್ವಾರ್ಟರ್ ಯೂನಿಟ್, 1,395 ಡಾಲರ್. ಕಚೇರಿಯಲ್ಲಿ ನನ್ನ ಮೇಲಿನವರೊಬ್ಬರು ಹೆಸರುವಾಸಿ ಖಾಸಗಿ ಯೂನಿವರ್ಸಿಟಿಯಲ್ಲಿ ಓದಿದವರು; ಅವರೂ ಕೊನೆಯ ಯೂನಿಟ್ಟುಗಳನ್ನು ಡಿ ಆನ್ಜಾದಲ್ಲೇ ಮುಗಿಸಿದ್ದರಂತೆ. ಕೆಲಸ ಮುಗಿಸಿ ಬಂದು ಸಂಜೆಯ ಕ್ಲಾಸುಗಳಲ್ಲಿ ಕೂತೆ, ಕೆಲವನ್ನು ಆನ್‌ಲೈನ್ ಮಾಡಿದೆ.

ಅದನ್ನು ನೋಡಿ ಎಂ.ಟೆಕ್. ಓದಿರುವ ನಮ್ಮವರಿಗೂ ಆಸೆಯಾಗಿ, ಸೆರಾಮಿಕ್ಸ್ ಕ್ಲಾಸಿಗೆ ಹೆಸರು ಹಚ್ಚಿದ್ದಾರೆ. ಸೀಟು ಇನ್ನೂ ಸಿಕ್ಕಿಲ್ಲ, ವೇಟ್‌ಲಿಸ್ಟ್‌ನಲ್ಲಿದ್ದಾರೆ. ಮೊದಲ ದಿನ ಹೋಗಿ ಬಾಗಿಲ ಹತ್ತಿರ ನಿಂತು ಆ್ಯಡ್ ಕೋಡ್ ಕೇಳ್ರೀ, ಬರದೇ ಇದ್ದವರ ಸೀಟು ಕೊಡ್ತಾರೆ ಅಂತ ಹೇಳಿಕೊಟ್ಟಿದ್ದೇನೆ.